ಮುರ್ತುಜಸಾಬರ ದೊಡ್ಡ ಪರದೆ

ನಲವತ್ತು ವರ್ಷ ಇಲಕಲ್ಲಿನ ಟಿವಿಗಳನ್ನೆಲ್ಲ ಬಿಚ್ಚಿ ಜೋಡಿಸಿದ ಮುರ್ತುಜಸಾಬರಿಗೆ ಈಗ ಎಪ್ಪತ್ತೊಂದು. ರಿಪೇರಿ ಅಂಗಡಿ ಮುಚ್ಚಿದ್ದಾರೆ, ಹಟ ಬಿಟ್ಟಿಲ್ಲ. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡ ನನಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವರು ಅವರೇ. ಅದಕ್ಕೇ ಚಾಚಾ ಎಂದು ಕರೆಯುತ್ತ ಅವರ ಕಾಟವನ್ನೆಲ್ಲ ತಡೆದುಕೊಳ್ಳುತ್ತೇನೆ.

ಅವರಿಗೊಂದು ಹುಚ್ಚು, ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ. ಐಹೊಳೆಯ ಮಲಕಪ್ಪ ಮಾಸ್ತರರೂ ಅವರೂ ಒಂದೇ ವರ್ಷ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಆರೂವರೆಗೆ ಇಬ್ಬರ ಮಾತುಕತೆ. ಅದೂ ಬಾಯಿಂದಲ್ಲ, ಮೋರ್ಸ್‌ನಲ್ಲಿ. ಗಿಡ್ಡ ಪೀಂ, ಉದ್ದ ಪೀಂ ಸೇರಿಸಿ ಇಂಗ್ಲಿಷ್ ಅಕ್ಷರ ಮಾಡಿ, ಆ ಅಕ್ಷರಗಳಲ್ಲಿ ನಮ್ಮ ಕನ್ನಡ. ಮೊಬೈಲಿನಲ್ಲಿ ಬರೆದು ಕಳಿಸಬಾರದೇ ಎಂದು ಒಮ್ಮೆ ಕೇಳಿದ್ದೆ. "ಅದನ್ನ ಪಾನಂಗಡಿಯಂವನೂ ಮಾಡ್ತಾನ," ಎಂದು ಮುಖ ತಿರುಗಿಸಿದ್ದರು.

ಈ ವರ್ಷ ಯುಗಾದಿಯ ಹೊತ್ತಿಗೆ ಅವರ ಕಿವಿ ಮಂದವಾಯಿತು. ಬಾಗಲಕೋಟೆಯ ಡಾಕ್ಟರು ಕೊಟ್ಟ ಮಷಿನ್ನು ಮನುಷ್ಯರ ಮಾತನ್ನು ಅಷ್ಟಿಷ್ಟು ಮುಟ್ಟಿಸಿತು. ಆ ಸಣ್ಣ ಪೀಂ ಮಾತ್ರ ಕಿವಿಗೆ ಬೀಳಲಿಲ್ಲ. ಇದನ್ನು ಗೆಳೆಯನಿಗೆ ಹೇಳಿದರೆ ಏನು ಹೋಗುತ್ತಿತ್ತು? ಹೇಳಲಿಲ್ಲ. ದಿನಾ ಆರೂವರೆಗೆ ಕೂತು, ಅಂದಾಜಿನ ಮೇಲೆ ಹೌದು, ಛಲೋ, ಭಾಳ ಖುಷಿ ಆತು ಎಂದು ಮೋರ್ಸ್ ಕೀಲಿಯಲ್ಲಿ ಉತ್ತರ ಒತ್ತುತ್ತಿದ್ದರು.

ಹಾಗೇ ನಡೆದಿತ್ತು. ಒಂದು ದಿನ ಐಹೊಳೆಯಲ್ಲಿ ಗೈಡ್ ಕೆಲಸ ಮಾಡುವ ಚಾಚಾನ ಅಳಿಯ ಆಸಿಫ ಬಂದು ಸುದ್ದಿ ಹೇಳಿದ. ಮಾಸ್ತರರ ಹೆಂಡತಿ ಚಂದವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಎಂಟು ದಿನ ಆಗಿತ್ತು. ಮಾಸ್ತರರು ಮರುದಿನವೇ ರೇಡಿಯೋದಲ್ಲಿ ತಿಳಿಸಿದ್ದರಂತೆ. ಅದಕ್ಕೆ ನಮ್ಮ ಚಾಚಾ ಕೊಟ್ಟ ಉತ್ತರ, ಭಾಳ ಖುಷಿ ಆತು.

ಚಾಚಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೋಡಲು ಹೋಗಲು ಮುಖವಿಲ್ಲವೆಂದು ಕೂತರು. ಕೊನೆಗೆ ಅವರ ಹೆಂಡತಿ ಶಮಶಾದಬಿ ಚಾಚಿಯೇ ದವಾಖಾನೆಗೆ ಹೋಗಿಬಂದರು.

"ಮಲಕಪ್ಪ ಏನಂದ?"

"ಏನೂ ಅನ್ಲಿಲ್ಲ. ಚಾ ಕುಡಿಸಿದ್ರು."

ಏನೂ ಅನ್ನಲಿಲ್ಲ ಎಂಬುದೇ ಚಾಚಾನ ಎದೆಗೆ ನಾಟಿತು. ಆದರೂ ಬೆಳಿಗ್ಗೆ ಆರೂವರೆಗೆ ರೇಡಿಯೋದಲ್ಲಿ ಮಾಸ್ತರರ ಸಂಕೇತದ ಗೆರೆ ಮಾತ್ರ ತಪ್ಪದೆ ಮೂಡುತ್ತಿತ್ತು. ರೇಡಿಯೋದ ಮುಖದಲ್ಲಿ ಬೆಂಕಿಪೊಟ್ಟಣದಷ್ಟು ಪರದೆಯಿದೆ. ಯಾರು ಪೀಂ ಎನಿಸಿದರೂ ಅದರಲ್ಲಿ ಒಂದು ಬಿಳಿ ಗುರುತು ಮೂಡಿ ಕೆಳಗೆ ಸರಿಯುತ್ತದೆ. ಗಿಡ್ಡ ಪೀಂಗೆ ಚುಕ್ಕೆ, ಉದ್ದ ಪೀಂಗೆ ಗೀಟು. ಚಾಚಾನ ಕಣ್ಣಿಗೆ ಅದು ಬರೀ ಒಂದು ದಾರದ ಎಳೆ.

"ಬೈಯಾಕತ್ತಿರಬೇಕು," ಎಂದರು ನನ್ನ ಅಂಗಡಿಗೆ ಬಂದು. "ಬೈಲಿ. ಏನ್ ಬೈತಾನಂತರ ನನಗ ತಿಳೀಬೇಕಲ್ಲ? ರೇಡಿಯೋಕ್ಕ ಹಚ್ಚಾಕ ದೊಡ್ಡ ಪರದೆ ಕೊಡು ಮಹಾಂತೇಶ."

ನನ್ನಲ್ಲಿದ್ದ ಹಳೆಯ ಮಾನಿಟರ್ ಕೊಟ್ಟೆ, ಕೇಬಲ್ಲನ್ನೂ ಕೊಟ್ಟೆ. ಮರುದಿನ ಮಧ್ಯಾಹ್ನ ಅದು ವಾಪಸು ಬಂತು, ಹಿಂದಿನ ಮುಚ್ಚಳ ಬಿಚ್ಚಿಕೊಂಡು. "ಸತ್ತದ್ದು ಕೊಟ್ಟೀಯಲ್ಲೋ." ನನಗೆ ಪಿತ್ತ ಕೆರಳಿತು. ಅವರ ಮನೆಗೆ ಹೋಗಿ ನೋಡಿದರೆ ರೇಡಿಯೋದ ಮೆನುವಿನಲ್ಲಿ ಹೊರಗಿನ ಪರದೆಯನ್ನು ಚಾಲೂ ಮಾಡಿಯೇ ಇರಲಿಲ್ಲ. ನಲವತ್ತು ವರ್ಷ ಮೊದಲು ಬಿಚ್ಚುವುದು, ಆಮೇಲೆ ನೋಡುವುದು ಅಭ್ಯಾಸವಾದ ಕೈ. ಮೆನು ಓದಿದರೆ ಅವಮಾನ.

ಚಿತ್ರ ಬಂತು. ಆದರೆ ಪರದೆಯ ತುಂಬ ಬಿಳಿ ಪಟ್ಟಿಗಳು ಬಂದು, ಮಾಸ್ತರರ ಎಳೆ ಅದರೊಳಗೆ ಮುಳುಗಿಹೋಯಿತು. ಈ ಸಲ ನಾನು ಬಾಯಿ ಬಿಡುವ ಮುಂಚೆಯೇ ಚಾಚಾ ಮಾನಿಟರಿನ ಅಡಾಪ್ಟರ್ ಕಿತ್ತರು. ಪರದೆ ಕಪ್ಪಾಯಿತು, ರೇಡಿಯೋದ ಸಣ್ಣ ಪರದೆ ಮತ್ತೆ ಶುಚಿಯಾಯಿತು.

"ಗಲಾಟಿ ಈ ಅಡಾಪ್ಟರಿನದು. ವಯರಿನ ಗುಂಟ ರೇಡಿಯೋದಾಗ ಹೊಕ್ಕೈತಿ." ಒಳಗೆ ಹೋಗಿ ಒಂದು ಗೋಣಿಚೀಲ ಎಳೆದು ತಂದರು. ಊರಿನ ಸತ್ತ ಡಬ್ಬಾ ಟಿವಿಗಳ ಪಿಕ್ಚರ್ ಟ್ಯೂಬಿನ ಕತ್ತಿನಿಂದ ಬಿಚ್ಚಿಟ್ಟ ಯೋಕುಗಳು, ಅಂದರೆ ತಂತಿ ಸುತ್ತಿದ ಕರಿಯ ಬಳೆಗಳು. ಅಂಥ ಬಳೆ ವಯರಿನಲ್ಲಿ ಬರುವ ಗಲಾಟೆಯನ್ನು ತಡೆಯುತ್ತದಂತೆ. ಇದನ್ನು ಗುಜರಿಗೆ ಹಾಕಿರೆಂದು ಚಾಚಿ ಹತ್ತು ವರ್ಷದಿಂದ ಜಗಳಾಡಿದ್ದರು. ಚಾಚಾ ತಂತಿ ಬಿಡಿಸಿ, ಬಳೆಯೊಳಗೆ ಅಡಾಪ್ಟರಿನ ವಯರನ್ನು ಎಂಟು ಸುತ್ತು ಸುತ್ತಿದರು. ಕೇಬಲ್ಲಿಗೂ ಇನ್ನೊಂದು. ಮಾನಿಟರ್ ಹಚ್ಚಿದಾಗ ಪಟ್ಟಿಗಳು ಮಾಯವಾಗಿದ್ದವು. ಹೊಟ್ಟೆಕಿಚ್ಚಾಯಿತು ನನಗೆ, ಖುಷಿಯೂ ಆಯಿತು.

ಮರುದಿನ ಬೆಳಿಗ್ಗೆ ನಾನೂ ಹೋಗಿ ಕೂತೆ. ಸರಿಯಾಗಿ ಆರೂವರೆಗೆ ಕಪ್ಪು ಪರದೆಯ ನಡುವೆ ಮೊದಲ ಚುಕ್ಕೆ ಬಿತ್ತು, ಹಿಂದೆಯೇ ಗೀಟು. ಬಹಳ ನಿಧಾನ, ಹೊಸದಾಗಿ ಕಲಿಯುವವರಿಗೆ ಕಳಿಸುವಷ್ಟು ನಿಧಾನ. ಚಾಚಾ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಹೇಳಿದರು, ನಾನು ಹಾಳೆಯಲ್ಲಿ ಬರೆದೆ.

"ಮುರ್ತುಜಾ, ಚಂದವ್ವ ಆರಾಮ ಅದಾಳ. ನಿನಗ ಕೇಳಸೂದಿಲ್ಲಂತ ನನಗ ಗೊತ್ತದ. ನಾ ದಿನಾ ಕರೀತೇನಿ."

ಮುಗಿಯಿತು ಎಂದುಕೊಂಡರೆ ಮತ್ತೆ ಅದೇ ಮಾತು ಮೊದಲಿನಿಂದ ಬರತೊಡಗಿತು. ಚಾಚಾ ಕೀಲಿ ಒತ್ತಿ ಒಂದೇ ಪ್ರಶ್ನೆ ಕೇಳಿದರು: ಎಂದಿನಿಂದ ಗೊತ್ತು?

ಎರಡು ತಿಂಗಳ ಮೇಲೆ ಮಾತಿಗೆ ತಕ್ಕ ಮಾತು ಬಂದರೆ ಯಾರಾದರೂ ಬೆರಗಾಗುತ್ತಾರೆ. ಆ ಕಡೆಯಿಂದ ಚುಕ್ಕೆಗಳು ಬಂದವು.

"ನೀ ಖುಷಿ ಆತು ಅಂದ ದಿನದಿಂದ."

ಅಡುಗೆಮನೆಯ ಬಾಗಿಲಲ್ಲಿ ನಿಂತ ಚಾಚಿ ಗಟ್ಟಿಯಾಗಿ ಕೇಳಿದರು, "ಏನಂತಾರ ಮಾಸ್ತರು?"

ಚಾಚಾ ಚಸ್ಮಾ ತೆಗೆದು ಲುಂಗಿಯ ಅಂಚಿನಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು.

"ಬೈಯಾಕತ್ತಾನ," ಎಂದರು.