ಉಣ್ಣದೆ ಹೋದ ರಾಣಿ

ನಮ್ಮ ಕಾವ್ಯ ಇವತ್ತು ಮಧ್ಯಾಹ್ನ ಹಾಸನದ ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಮನೆಗೆ ಬಂದಳು! ತಾಯಿ, ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಕಾವ್ಯ ನನ್ನ ಮಗನ ಮಗಳು, ಹಾಗಾಗಿ ನಾನೀಗ ಮುತ್ತಜ್ಜಿ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಆಯಿತು, ಸೊಪ್ಪಿನವಳಿಗೆ ಎರಡು ಸಲ ಹೇಳಿದೆನಂತೆ. ನಾನು ಓದಿದ್ದು ಮೂರನೇ ಕ್ಲಾಸು. ಬರೆಯಲು ಕೂತರೆ ಕೈ ತಡವರಿಸುತ್ತದೆ, ಇವತ್ತು ಮಾತ್ರ ನಿಲ್ಲುತ್ತಲೇ ಇಲ್ಲ. ಅಡುಗೆಮನೆಯಲ್ಲಿ ಸೊಸೆ ನೆನೆಸಿದ ಅವರೆಕಾಳು ಹಿದುಕುತ್ತಿದ್ದಾಳೆ. ಆ ಸೊಗಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಲ್ಲಿಪಟ್ಟಣದ ಆಚೆ ಇದ್ದ ನನ್ನ ತವರೂರಿನ ನಡುಮನೆ ಕಣ್ಣಮುಂದೆ ಬಂತು. ಇಂಥದೇ ಅವರೆಕಾಳಿನ ಸಾರು, ಬಾಳೆಲೆಯ ಮುಂದೆ ಕೂತ ಒಬ್ಬಳು ರಾಣಿ, ಉಸಿರು ಬಿಗಿಹಿಡಿದು ನಿಂತ ನಾವೆಲ್ಲ.

ಆಗ ನಾನು ಲಂಗ ಹಾಕುವ ಹುಡುಗಿ. ವರ್ಷಕ್ಕೊಂದು ಸಲ ಊರ ಗಂಡಸರೆಲ್ಲ ಸೇರಿ ನಾಟಕ ಆಡುತ್ತಿದ್ದರು. ಆ ವರ್ಷದ್ದು ಒಂದು ಮಾಯಾಮಂತ್ರದ ಕಥೆ. ಜ್ಯೋತಿಮಾಲೆ ಎಂಬ ಬಸುರಿ ರಾಣಿ. ಒಬ್ಬ ಮಂತ್ರವಾದಿ ಅವಳ ಉಸಿರನ್ನು ಒಂದು ದೀಪದೊಳಗೆ ಬಚ್ಚಿಟ್ಟಿದ್ದಾನೆ. ದೀಪ ಉರಿಯುವ ತನಕ ಅವಳು ಬದುಕಿರುತ್ತಾಳೆ, ಆದರೆ ಹುಟ್ಟುವ ಮಗು ಅವನ ಪಾಲು. ಮಗು ಉಳಿಯಬೇಕಾದರೆ ದೀಪ ಆರಬೇಕು. ಆ ಮಂತ್ರವಾದಿಯ ವೇಷ ನಮ್ಮ ಚಿಕ್ಕಪ್ಪನದು. ಅವನ ಹೆಂಡತಿ, ನಮ್ಮ ಸಾಕಮ್ಮ ಚಿಕ್ಕಮ್ಮ, ಆಗ ತುಂಬು ಬಸುರಿ. ಹಿಂದಿನ ಕೂಸು ಹೊಟ್ಟೆಯೊಳಗೇ ಹೋಗಿತ್ತು, ಹಾಗಾಗಿ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದ ಕಾಲ ಅದು. ನಾಟಕಕ್ಕೆ ಬರಬೇಡ ಅಂದರೂ ಗಂಡನ ವೇಷ ನೋಡಬೇಕೆಂದು ಹಟ ಹಿಡಿದು ಬಂದಳು. ರಾಣಿಯ ಪಾತ್ರಕ್ಕೆ ಮಾತ್ರ ಚನ್ನರಾಯಪಟ್ಟಣದಿಂದ ಒಬ್ಬ ದರ್ಜಿಯನ್ನು ಕರೆಸಿದ್ದರು, ನಮ್ಮೂರ ಮೀಸೆಗಳಿಗೆ ಸೀರೆ ಒಪ್ಪುತ್ತಿರಲಿಲ್ಲ.

ಮೂಡಲು ಕೆಂಪಾಗುವ ಹೊತ್ತಿಗೆ ಮಂತ್ರವಾದಿ ರಾಣಿಯ ಜಡೆ ಹಿಡಿದ. ಹೆಂಗಸರ ಕಡೆಯಿಂದ ನಮ್ಮಜ್ಜಿ, ಅಂದರೆ ಅವನ ಹೆತ್ತ ತಾಯಿಯೇ, ಎದ್ದು ನಿಂತು ಕೂಗಿತು: “ಲೇ ಪಾಪಿ, ಬಸುರಿ ಕಣ್ಲಾ ಅವ್ಳು! ಬಿಡ್ಲಾ ಜಡೆಯಾ!” ಚಿಕ್ಕಪ್ಪ ಗಡ್ಡದೊಳಗಿಂದಲೇ “ಸುಮ್ಕಿರವ್ವ, ಪಾಲ್ಟು ಕಣವ್ವ” ಅಂದ. ಗಂಡಸರು ನಕ್ಕರು. ಹೆಂಗಸರು ಯಾರೂ ನಗಲಿಲ್ಲ. ರಾಣಿ ದೀಪದ ಮುಂದೆ ಮಂಡಿಯೂರಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಮ್ಮನ್ನೆಲ್ಲ ಒಮ್ಮೆ ನೋಡಿದಳು. “ಆರಿಸ್ಬ್ಯಾಡ ಕಣವ್ವಾ!” ಅಂತ ಹತ್ತು ಕಡೆಯಿಂದ ಕೂಗು ಎದ್ದಿತು. ಅವಳು ಊದಿದಳು. ಆ ಕ್ಷಣ ಪಕ್ಕದಲ್ಲಿದ್ದ ಚಿಕ್ಕಮ್ಮ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಗಾಜಿನ ಬಳೆ ಒಡೆದು ಚರ್ಮಕ್ಕೆ ಚುಚ್ಚಿತು.

ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ನಾಟಕದಲ್ಲಿ ಸತ್ತವನು ಬಣ್ಣ ತೊಳೆಯುವ ಮೊದಲೇ, ವೇಷದಲ್ಲೇ, ಊರಿನ ಯಾವುದಾದರೂ ಒಂದು ಮನೆಯಲ್ಲಿ ಕೂತು ಉಣ್ಣಬೇಕು. ಸತ್ತವರು ಉಣ್ಣುವುದಿಲ್ಲ, ಉಂಡವನು ಸತ್ತಿಲ್ಲ. ಹಾಗೆ ಉಂಡರೆ ಸಾವು ನಾಟಕದ ಅಟ್ಟದ ಮೇಲೇ ಉಳಿಯುತ್ತದೆ, ಊರೊಳಗೆ ಇಳಿಯುವುದಿಲ್ಲ ಎಂದು ನಂಬಿಕೆ. ಅದುವರೆಗೆ ಸತ್ತವರೆಲ್ಲ ಊರವರೇ ಆದ್ದರಿಂದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಯಾರೋ ಕೇಳಿದರು: “ರಾಣಿಗೆ ಯಾರ್ ಮನೇಲಿ ಊಟ?” ಅಷ್ಟು ಹೊತ್ತಿಗೆ ದರ್ಜಿ ಕೆರೆಯಲ್ಲಿ ಮುಖ ತೊಳೆದು ಮೊದಲ ಬಸ್ಸು ಹತ್ತಿ ಆಗಿತ್ತು. ಮದುವೆಯ ಕಾಲ, ಅವನಿಗೆ ಹೊಲಿಗೆ ರಾಶಿ ಬಿದ್ದಿತ್ತಂತೆ.

ಅವತ್ತಿನಿಂದ ಚಿಕ್ಕಮ್ಮ ಊಟ ಬಿಟ್ಟಳು. ಹಟವೇನಲ್ಲ, ತಟ್ಟೆಯ ಮುಂದೆ ಕೂರುವಳು, ತುತ್ತು ಮುರಿಯುವಳು, ಹಾಗೇ ಇಟ್ಟುಬಿಡುವಳು. “ಗಂಟ್ಲಲ್ಲಿ ಇಳಿಯಾಕಿಲ್ಲ ಕಣತ್ತೆ. ಅವ್ಳು ಉಣ್ಣದಂಗೆ ಒಂಟೋದ್ಲು” ಅನ್ನುವಳು. ಗಂಡ ಒಳಗೆ ಬಂದರೆ ಗೋಡೆಯ ಕಡೆ ತಿರುಗುವಳು. ಊರವರೂ ಚಿಕ್ಕಪ್ಪನನ್ನು ಬಿಡಲಿಲ್ಲ. ಬೀಡಿಗೆ ಬೆಂಕಿ ಕೇಳಿದರೆ “ದೀಪ ಆರೋಂಗೆ ಮಾಡ್ದೋನು ನೀನೇ ಅಲ್ವಾ, ಈಗ್ಯಾಕಪ್ಪಾ ಬೆಂಕಿ?” ಅನ್ನುತ್ತಿದ್ದರು. ಅಜ್ಜಿ ಅವನ ತಟ್ಟೆಯನ್ನು ಜಗಲಿಯ ಮೇಲೆ ಇಟ್ಟು, ಮಾತಾಡದೆ ಒಳಗೆ ಬರುತ್ತಿತ್ತು. ಆಮೇಲೆ ಚಿಕ್ಕಮ್ಮ ಇನ್ನೊಂದು ಮಾತು ಹೇಳಿದಳು, ಬಹಳ ಮೆಲ್ಲಗೆ: “ಅತ್ತೆ, ಕೂಸು ಮಿಸುಕ್ತಿಲ್ಲ.” ಅಜ್ಜಿ ಹೊಟ್ಟೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಿತು. ಮುಖ ಸ್ವಲ್ಪವೂ ಬದಲಾಗಲಿಲ್ಲ. ಎದ್ದು ಹೋಗಿ, ಆಗಲೇ ಮೇವು ಹಾಕಿದ್ದ ಹಸುಗಳಿಗೆ ಮತ್ತೆ ಮೇವು ಹಾಕತೊಡಗಿತು. ಚಿಕ್ಕಮ್ಮನ ಪಕ್ಕದಲ್ಲಿ ಮಲಗಿ ನಾನೂ ಕಿವಿಗೊಟ್ಟು ಕೇಳುತ್ತಿದ್ದೆ. ರಾಗಿ ತುಂಬಿಟ್ಟ ವಾಡೆಯ ಹಿಂದೆ ಇಲಿ ಕೆರೆಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಕಡೆಗೆ ಅಜ್ಜಿಯೇ ಜಗಲಿಗೆ ಬಂದು ಮಗನಿಗೆ ಹೇಳಿತು: “ಓಗು. ಆ ರಾಣಿ ಎಲ್ಲಿದ್ರೂ ಸೈ, ಕರ್ಕೊಂಡ್ಬಾ. ಬರಿಗೈಲಿ ಬಂದ್ರೆ ನನ್ ಮಗ ಅನ್ಬ್ಯಾಡ.” ಚಿಕ್ಕಪ್ಪ ಅಂಗಿಯ ಗುಂಡಿಯನ್ನೂ ಹಾಕದೆ ಹೊರಟ. ಅರಕಲಗೂಡಿನ ಕಡೆಯಿಂದ ಬರುವ ಸಂಜೆಯ ಬಸ್ಸಿಗೆ ನಾವೆಲ್ಲ ಊರ ಬಾಗಿಲಲ್ಲಿ ಕಾದೆವು. ಅದರಲ್ಲಿ ಅವನು ಇರಲಿಲ್ಲ. ಮಾರನೆಯ ದಿನ ಹೊತ್ತು ನೆತ್ತಿಗೇರಿದಾಗ ಬಂದ. ಜೊತೆಗೊಬ್ಬ ಸಣಕಲು ಮನುಷ್ಯ, ಅಳತೆ ಟೇಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಚಿಕ್ಕಮ್ಮ ಬಾಗಿಲ ಸಂದಿಯಿಂದ ನೋಡಿ ಅಳುವುದಕ್ಕೇ ಶುರುಮಾಡಿದಳು: “ಇವ್ರ್ಯಾರೋ ದರ್ಜಿ. ರಾಣಿ ಅಲ್ಲ.”

ಬಣ್ಣ ಇಲ್ಲದೆ ನಡೆಯುವುದಿಲ್ಲ, ಅವನು ಬಣ್ಣ ತಂದಿಲ್ಲ. ಅಜ್ಜಿ ಒಳಗಿಂದ ಅರಿಸಿನ, ಕುಂಕುಮ, ದೀಪದ ಕಾಡಿಗೆ, ತನ್ನ ಧಾರೆಸೀರೆ ತಂದು ಅವನ ಮುಂದೆ ಇಟ್ಟಿತು. ಅವನು ಅದನ್ನೂ ನೋಡಿದ, ಬಾಗಿಲ ಸಂದಿಯನ್ನೂ ನೋಡಿದ, ಏನೂ ಕೇಳದೆ ಹಿತ್ತಿಲಿಗೆ ಹೋದ. ಬರುವಾಗ ರಾಣಿಯಾಗಿ ಬಂದಳು. ನಡಿಗೆ ಅದೇ, ಕತ್ತು ತಿರುಗಿಸುವ ರೀತಿ ಅದೇ. ಎಲೆಯ ಮುಂದೆ ಕೂತು, ಅಟ್ಟದ ಮೇಲಿನ ಅದೇ ದನಿಯಲ್ಲಿ ಕರೆದಳು: “ತಂಗೀ, ನಾನಾರ್ಸಿದ್ದು ದೀಪ ಕಣವ್ವ, ಒಲೆಯಲ್ಲ. ಹಸಿವಾಗ್ತದೆ, ಬಡ್ಸು.”

ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬಂದಳು. ಮುದ್ದೆ ಇಟ್ಟು ಹಿದುಕಿದವರೆ ಸಾರು ಬಿಟ್ಟಳು. ರಾಣಿ ಉಂಡಳು. ಮತ್ತೆ ಕೇಳಿ ಹಾಕಿಸಿಕೊಂಡಳು. ಸೆಕೆಗೆ ಅರಿಸಿನ ಕರಗಿ ಗದ್ದದಿಂದ ತೊಟ್ಟಿಕ್ಕುತ್ತಿತ್ತು. “ಮಾರಾಯ್ತಿ, ಮುಖ ರಾಣಿದು, ಹೊಟ್ಟೆ ಮಾತ್ರ ಗಾಡಿ ಎತ್ತಿಂದು” ಅಂತ ಅಜ್ಜಿ ಅಂದಾಗ ಚಿಕ್ಕಮ್ಮನಿಗೆ ಫಕ್ಕನೆ ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ಪಕ್ಕೆಯ ಮೇಲೆ ಕೈಯಿಟ್ಟುಕೊಂಡಳು. “ಅತ್ತೆ... ಒದೀತು.” ಅಜ್ಜಿ ಅವಳ ರಟ್ಟೆ ಹಿಡಿದು ರಾಣಿಯ ಪಕ್ಕದಲ್ಲೇ ಕೂರಿಸಿ ಇನ್ನೊಂದು ಎಲೆ ಹಾಕಿತು. ಹೊಸಿಲಾಚೆ ನಿಂತಿದ್ದ ಚಿಕ್ಕಪ್ಪ “ನಂಗೂ ಒಂಚೂರು ಇಕ್ಕವ್ವ” ಅಂದ. “ಕೊಂದೋನು ನೀನು, ಕಡೇಗೆ ಉಣ್ಣು” ಅಂದ ಅಜ್ಜಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲೆ ಹುಡುಕಲು ಒಳಗೆ ಹೋಯಿತು.

ಚಿಕ್ಕಮ್ಮ ಹೆಣ್ಣು ಹೆತ್ತಳು, ಆ ಕೂಸು ಉಳಿಯಿತು. ದರ್ಜಿ ಆಮೇಲೂ ಪ್ರತಿ ವರ್ಷ ಬಂದ, ಸತ್ತಾಗಲೆಲ್ಲ ನಮ್ಮ ಮನೆಯಲ್ಲೇ ಉಂಡ. ಈಗ ಆ ಊರೇ ಇಲ್ಲ. ಹೇಮಾವತಿಗೆ ಕಟ್ಟೆ ಕಟ್ಟಿದ ಮೇಲೆ ಹಿನ್ನೀರು ಜಗಲಿಯನ್ನೂ, ಬಾವಿಕಟ್ಟೆಯನ್ನೂ, ನಾಟಕದ ಬಯಲನ್ನೂ ನುಂಗಿತು. ಬಿರು ಬೇಸಿಗೆಯಲ್ಲಿ ನೀರು ಇಳಿದರೆ ಗೋಡೆಯ ಒಂದಷ್ಟು ಕಲ್ಲು ಕಾಣುತ್ತವೆ, ಯಾರ ಮನೆಯವು ಎಂದು ಗುರುತು ಹತ್ತುವುದಿಲ್ಲ. ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಯಾರೂ ಇಲ್ಲ. ಚನ್ನರಾಯಪಟ್ಟಣದಲ್ಲಿ ಆ ದರ್ಜಿಯ ಅಂಗಡಿ ಇದ್ದ ಜಾಗವನ್ನು ಕೇಳಿಕೊಂಡು ಒಮ್ಮೆ ಹೋಗಿದ್ದೆ, ಹೇಳುವವರು ಸಿಗಲಿಲ್ಲ.

ಕಾವ್ಯ ಬಸುರಿಯಾಗಿದ್ದಾಗ ಟೀವಿಯಲ್ಲಿ ಬರುವ ಮಾಯಾಲೋಕದ ಧಾರಾವಾಹಿ ನೋಡುತ್ತಿದ್ದಳು. ಒಂದು ಸಂಜೆ ಅದರ ರಾಣಿಯನ್ನು ಸಾಯಿಸಿದರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. “ಆಕ್ಟಿಂಗು ಅಂತ ಗೊತ್ತು ಕಣಜ್ಜಿ, ಆದ್ರೂ...” ಅಂದು ತಟ್ಟೆ ಸರಿಸಿ ಎದ್ದು ಹೋದಳು. ಈ ರಾಣಿಯನ್ನು ಉಣ್ಣಲು ಕರೆಯಲು ಯಾವ ಊರಿಗೆ ಹೋಗಲಿ, ಯಾವ ಬಸ್ಸು ಹತ್ತಲಿ? ಮಾರನೆಯ ದಿನದಿಂದ ಅವಳು ಸರಿಯಾಗೇ ಉಂಡಳು, ಸ್ಕ್ಯಾನಿಂಗಿನಲ್ಲೂ ಎಲ್ಲ ಸರಿ ಇದೆ ಅಂದರು. ನನ್ನ ಎದೆಯ ಪುಕುಪುಕು ಮಾತ್ರ ನಿಲ್ಲಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ನಗುತ್ತಿದ್ದರು.

ಬರೆಯುವುದನ್ನು ಅಲ್ಲಿಗೇ ಬಿಟ್ಟು ಎದ್ದೆ. ಸಂಜೆ ಎಲ್ಲರೂ ಹಾಲ್‌ನಲ್ಲಿ ನೆಲದ ಮೇಲೆ ಸಾಲಾಗಿ ಕೂತೆವು. ನಮಗೆ ಮುದ್ದೆ, ಹಿದುಕಿದವರೆ ಸಾರು. ಬಾಣಂತಿಗೆ ಮೆತ್ತಗಿನ ಅನ್ನ, ಮೆಣಸಿನ ಸಾರು. ಕೂಸು ಮಗನ ತೊಡೆಯ ಮೇಲೆ ಮಲಗಿತ್ತು. “ಯಾಕವ್ವ, ಉಣ್ಣವ್ವ” ಅಂತ ಮಗ ಅಂದ. ನಾನು ತಟ್ಟೆಗೆ ಕೈ ಹಾಕಿರಲಿಲ್ಲ, ಕಾವ್ಯನ ಕೈಯನ್ನೇ ನೋಡುತ್ತಿದ್ದೆ. ಅವಳು ಕಲೆಸಿದಳು, ಉಂಡಳು, ಬೆರಳು ಚೀಪಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆಗೇ ಚಾಚಿದಳು.

“ಇನ್ನೂ ಹಸಿವಾಗ್ತದೆ ಕಣಜ್ಜಿ, ಬಡ್ಸು.”

ಬಡಿಸಿದೆ.