ಬೀಡಿ ಕಟ್ಟುವವರ ಪುಸ್ತಕ, ಸರಕಾರದ ಕಪಾಟು

ಆ ದಿನ ಮಾಡಿದ ಕೆಲಸಗಳು ಇವು. ಎದ್ದ ಕೂಡಲೇ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದ್ದು. ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟದ್ದು. ಹಿಂದಿನ ಸಂಜೆ ನೆನೆಸಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಯನ್ನು ಬಿಡಿಸಿ ಕತ್ತರಿಸಿದ್ದು. ಹಂಚಿನ ಕಾರ್ಖಾನೆಗೆ ಹೊರಟ ಗಂಡನಿಗೆ ಬುತ್ತಿ ಕಟ್ಟಿದ್ದು. ಬಿಸಿಲಿಗಿಟ್ಟ ಒಣಸಿಗಡಿಯನ್ನು ಕಾಗೆಯಿಂದ ಕಾದದ್ದು. ಮತ್ತೆ, ಸಾಹೇಬರಿಗೆ ಹಾರ ಬೇಕು ಎಂದು ಗ್ರಂಥಾಲಯದಿಂದ ಹೇಳಿ ಕಳುಹಿಸಿದ್ದರಿಂದ, ಅಂಗಳದ ಅಬ್ಬಲಿಗೆಯನ್ನೆಲ್ಲ ಕೊಯ್ದು ಕೊಟ್ಟದ್ದು. ಉಳಿದ ಯಾವ ಕೆಲಸಕ್ಕೂ ನನಗೆ ಬೇಸರವಿಲ್ಲ. ಆ ಹೂವು ಕೊಟ್ಟದ್ದಕ್ಕೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ.

ದೇರೆಬೈಲಿನ ಒಂದು ಸಾಲುಮನೆಯಲ್ಲಿ ನಾವಿದ್ದೆವು. ಅರವತ್ತರ ದಶಕದ ಕೊನೆಯ ವರ್ಷಗಳು. ಮಧ್ಯಾಹ್ನದ ಗಂಜಿ ಮುಗಿದ ಮೇಲೆ ನಾಲ್ಕೈದು ಹೆಂಗಸರು ನಮ್ಮ ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟು ಬೀಡಿ ಕಟ್ಟಲು ಕೂರುತ್ತಿದ್ದೆವು. ಕೈಗೆ ಕೆಲಸ ಉಂಟು, ಕಿವಿಗೆ ಇಲ್ಲ. ಆದ್ದರಿಂದ ಒಬ್ಬಳು ಪುಸ್ತಕ ಓದುವುದು, ಉಳಿದವರು ಕೇಳುವುದು. ಓದುವವಳ ಪಾಲಿನ ಬೀಡಿಯನ್ನು ನಾವೆಲ್ಲ ಸೇರಿ ಕಟ್ಟಿ ಅವಳ ತಡ್ಪೆಗೆ ಹಾಕುವುದು. ಈ ಪದ್ಧತಿ ಯಾರು ಶುರುಮಾಡಿದರೋ ಗೊತ್ತಿಲ್ಲ. ನಾನು ಮದುವೆಯಾಗಿ ಬರುವಾಗಲೇ ಇತ್ತು.

ಓದುತ್ತಿದ್ದವಳು ಪಕ್ಕದ ಮನೆಯ ಕೊಂಕಣಿ ಅಕ್ಕ, ಇಗರ್ಜಿಗೆ ಹೋಗುವವಳು, ಗಂಡನಿಲ್ಲದವಳು. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಒಡೆದೊಡೆದು, ಆ ಎಣ್ಣೆ ತಾಗಿ ತಾಗಿ, ಅವಳ ಬೆರಳುಗಳು ಸುಟ್ಟು ಸೊಟ್ಟಗಾಗಿದ್ದವು. ಬೀಡಿಯ ತುದಿ ಮಡಚಲು ಆ ಬೆರಳಿಂದ ಸಾಧ್ಯವೇ ಇರಲಿಲ್ಲ. ಆದರೆ ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತ ಕನ್ನಡ ಇತ್ತು, ಗಂಟಲು ಇತ್ತು. ಓದಲು ನನಗೂ ಬರುತ್ತಿತ್ತು, ಆದರೆ ಅವಳು ಕಳ್ಳನ ಮಾತನ್ನು ಕಳ್ಳನ ಹಾಗೆಯೇ ಓದುವಳು. ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಆ ಓದಿನಿಂದ.

ಪುಸ್ತಕ ಬರುತ್ತಿದ್ದದ್ದು ರಸ್ತೆಯ ತಿರುವಿನಲ್ಲಿದ್ದ ವಾಚನಾಲಯದಿಂದ. ಹಳೇ ಅಕ್ಕಿ ಅಂಗಡಿಯ ಕೋಣೆ ಅದು. ಊರವರೇ ಪುಸ್ತಕ ಕೊಟ್ಟು ಮಾಡಿದ್ದು. ಕಪಾಟಿಗೆ ಬಾಗಿಲೇ ಇರಲಿಲ್ಲ. ಬೇಕಾದ್ದು ಕೊಂಡುಹೋಗುವುದು, ಓದಿ ತಂದಿಡುವುದು. ಅಲ್ಲಿಂದ ಒಂದೇ ಒಂದು ಪುಸ್ತಕ ಕಳೆದುಹೋದದ್ದು ಕೇಳಿಲ್ಲ. ಹರಿದರೆ ಗಂಜಿಯ ತೆಳಿ ಹಚ್ಚಿ ಅಂಟಿಸಿ ಕೊಡುತ್ತಿದ್ದೆವು.

ಅಷ್ಟರಲ್ಲಿ ಸರಕಾರಕ್ಕೆ ನಮ್ಮ ಮೇಲೆ ಕರುಣೆ ಬಂತು. ಮನೆತೆರಿಗೆಯ ಜೊತೆಗೆ ಗ್ರಂಥಾಲಯ ಕರ ಅಂತ ಒಂದು ಸೇರಿತು. ಅದರ ಹೆಸರು ಹೇಳಿ ಮನೆಯ ಯಜಮಾನರು ನಮ್ಮ ಬಾಡಿಗೆ ಏರಿಸಿದರು. ಅವರು ಪಂಚಾಂಗ ಬಿಟ್ಟರೆ ಬೇರೇನೂ ಓದಿದವರಲ್ಲ. ವಾಚನಾಲಯವನ್ನು ಇಲಾಖೆ ವಹಿಸಿಕೊಂಡಿತು. ಪುಸ್ತಕಗಳನ್ನೆಲ್ಲ ವಾಪಸು ಕೊಡಿ, ಎಣಿಸಿ ನಂಬ್ರ ಹಾಕಬೇಕು, ಎರಡು ದಿನದ ಮಾತು ಅಂದರು. ಆಗ ನಾವೊಂದು ಪತ್ತೇದಾರಿ ಕಾದಂಬರಿಯ ನಡುವಿನಲ್ಲಿದ್ದೆವು. ಜಮೀನುದಾರನ ಮನೆಯ ಹವಳದ ಸರ ಕಳವಾಗಿತ್ತು. ನಾವೇನು ಮಾಡಿದೆವು? ಹಳೇ ಕ್ಯಾಲೆಂಡರಿನ ಹಾಳೆಯಿಂದ ಚಂದ ಹೊದಿಕೆ ಹಾಕಿ, ಮೆರವಣಿಗೆಯಲ್ಲಿ ಹೋದ ಹಾಗೆ ಹೋಗಿ ಕೊಟ್ಟು ಬಂದೆವು. ಅಂಥ ಮರ್ಯಾದಸ್ಥರು.

ಎರಡು ದಿನ ಹೋಗಿ ಮಳೆಗಾಲ ಹೋಯಿತು. ಹೊಸ ಕಪಾಟು ಬಂತು, ಗಾಜಿನ ಬಾಗಿಲು, ಬೀಗ. ಕುರ್ಚಿ ಬಂದವು, ಉದ್ದದ ಮೇಜು ಬಂತು, ಗೋಡೆಗೆ ದೊಡ್ಡವರ ಪಟ ಬಂತು, ‘ಮೌನ’ ಎಂದು ದಪ್ಪಕ್ಷರದ ಫಲಕ ಬಂತು. ಕೀಲಿ ಹಿಡಿದುಕೊಂಡು ಘಟ್ಟದ ಮೇಲಿನ ಒಬ್ಬ ಗ್ರಂಥಪಾಲಕನೂ ಬಂದ. ಹೊಸ ಪುಸ್ತಕ ಮಾತ್ರ ಒಂದೂ ಬರಲಿಲ್ಲ. ಕೇಳಿದರೆ, ಕುರ್ಚಿಯ ಬಾಬ್ತು ಮಂಜೂರಾಗಿದೆ, ಪುಸ್ತಕದ ಬಾಬ್ತು ಇನ್ನೂ ಆಗಿಲ್ಲ ಎಂದ. (ಮುಂದೆ ಅದೂ ಆಯಿತು. ರೇಷ್ಮೆಹುಳು ಸಾಕುವುದು ಹೇಗೆ ಎಂಬ ಒಂದೇ ಪುಸ್ತಕದ ಪ್ರತಿಗಳು ಕಟ್ಟುಗಟ್ಟಲೆ ಬಂದವು. ಈ ಸಮುದ್ರದ ಬದಿಯಲ್ಲಿ ನಮಗೆ ಗೊತ್ತಿರುವ ಹುಳ ಅಂದರೆ ಅಕ್ಕಿಯಲ್ಲಿ ಬರುವುದು.) ಇದ್ದ ಹಳೇ ಪುಸ್ತಕವನ್ನಾದರೂ ಕೊಡು ಎಂದರೆ, "ಉದ್ಘಾಟನೆ ಆಗೋವರೆಗೂ ಬೀಗ ತೆಗೆಯೋ ಹಾಗಿಲ್ಲಮ್ಮ" ಎಂದ. ಇಲಾಖೆಯ ಸಾಹೇಬರಿಗೆ ಪುರುಸೊತ್ತಾಗದೆ ಉದ್ಘಾಟನೆ ಮುಂದೆ ಮುಂದೆ ಹೋಯಿತು.

ಅಕ್ಕ ಮೊದಮೊದಲು ದಿನಪತ್ರಿಕೆಯ ಚೂರು ಓದಿದಳು. ಬೆಲ್ಲ ಕಟ್ಟಿ ತಂದ ಕಾಗದ ಓದಿದಳು. ಯಾರದೋ ಅಡಿಕೆ ಮಾರಾಟದ ಸುದ್ದಿಗೆ ಯಾರ ಬೀಡಿ ಕಟ್ಟಿಕೊಡುತ್ತಾರೆ? ಒಬ್ಬೊಬ್ಬರಾಗಿ ತಮ್ಮ ತಮ್ಮ ಜಗಲಿಗೆ ಹೋದರು. ಮೂಲೆಮನೆಯ ದೊಡ್ಡಮ್ಮ ಮತ್ತು ನಾನು ಮಾತ್ರ ಉಳಿದೆವು. ನಾವಿಬ್ಬರು ಕಟ್ಟಿಕೊಟ್ಟದ್ದು ಅವಳ ಬಾಡಿಗೆಗೇ ಸಾಲದು. ಅಕ್ಕ ತಾನೇ ಕಟ್ಟಲು ನೋಡಿದಳು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವನು ಅವಳದ್ದನ್ನೆಲ್ಲ ಮುರಿದು ಬದಿಗೆ ಎಸೆದ. ಕೊನೆಗೆ ಒಂದು ದಿನ ಹೇಳಿದಳು: "ಈ ಶನಿವಾರ ಉದ್ಘಾಟನೆಯಂತೆ. ಪುಸ್ತಕ ಸಿಕ್ಕಿದರೆ ಸರಿ. ಇಲ್ಲದಿದ್ದರೆ ಸೋಮವಾರದಿಂದ ನಾನು ಗೇರುಬೀಜಕ್ಕೇ ಹೋಗ್ತೇನೆ." ಆ ಕೈ ಇಟ್ಟುಕೊಂಡು! ರಾತ್ರಿ ಗೋಡೆಯಾಚೆ ಅವಳ ಜಪದ ಪಿಸುಪಿಸು ನನಗೆ ಕೇಳುತ್ತಿತ್ತು. ನಿದ್ದೆ ಬಿಟ್ಟು ಎಷ್ಟು ದಿನವಾಗಿತ್ತೋ.

ಶನಿವಾರ ಜೀಪು ಬಂತು. ಸಾಹೇಬರು ಇಳಿದರು. ನನ್ನ ಅಬ್ಬಲಿಗೆ ಅವರ ಕುತ್ತಿಗೆಯಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ, ತೆಗೆದು ಮೇಜಿನ ಮೇಲೆ ಹಾಕಿದರು. ಆಮೇಲೆ ಭಾಷಣ. ನಮ್ಮ ಕರಾವಳಿಯ ಜನಕ್ಕೆ ಓದಿನ ರುಚಿ ಹತ್ತಿಸಬೇಕೆಂದು ಸರಕಾರ ಪಣ ತೊಟ್ಟಿದೆಯಂತೆ. ದೊಡ್ಡಮ್ಮ ನನ್ನ ಕಿವಿಯಲ್ಲಿ ತುಳುವಿನಲ್ಲಿ, "ಇವನು ಬಾಯಿಗೆ ಬೀಗ ಹಾಕಿ ಊಟದ ರುಚಿ ಹೇಳ್ತಾನಲ್ಲ ಮಾರಾಯ್ತಿ" ಎಂದಳು.

ಚಪ್ಪಾಳೆ ಆದ ಮೇಲೆ ಅಕ್ಕ ಮುಂದೆ ಹೋದಳು. ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದಳು.

"ಸರ್, ಆ ಕ್ಯಾಲೆಂಡರಿನ ಹೊದಿಕೆಯ ಪುಸ್ತಕ ನಮಗೆ ಬೇಕಿತ್ತು. ಅರ್ಧ ಓದಿ ಕೊಟ್ಟದ್ದು."

"ಓದಿ ಅಮ್ಮ, ಧಾರಾಳವಾಗಿ ಓದಿ. ನಾವಿರೋದೇ ಅದಕ್ಕೆ" ಎಂದರು ಸಾಹೇಬರು.

ಗ್ರಂಥಪಾಲಕ ಅಡ್ಡ ಬಂದ. "ಮನೆಗೆ ಕೊಡಕ್ಕಾಗಲ್ಲ ಸಾರ್. ಒಂದು ಹೋದ್ರೂ ನನ್ನ ಸಂಬಳದಲ್ಲಿ ಹಿಡ್ಕೋತಾರೆ."

"ಹೌದು, ಅದು ನಿಯಮ. ಇಲ್ಲೇ ಕೂತು ಓದಿ. ಇಷ್ಟೊಂದು ಕುರ್ಚಿ ಇದೆಯಲ್ಲ."

"ಆಯ್ತು ಸಾಹೇಬ್ರೇ, ಅವಳು ಕುರ್ಚಿಯಲ್ಲಿ ಕೂತು ಓದ್ತಾಳೆ, ನಾವು ನೆಲದಲ್ಲಿ ಕೂತು ಕೇಳ್ತೇವೆ" ಎಂದಳು ದೊಡ್ಡಮ್ಮ.

"ಕೇಳೋದಾ? ಜೋರಾಗಿ ಓದೋ ಹಾಗಿಲ್ಲ. ನೋಡಿ, ಬೋರ್ಡಿದೆ. ಓದುಗರಿಗೆ ತೊಂದರೆಯಾಗುತ್ತೆ" ಎಂದರು ಸಾಹೇಬರು.

ಆ ಕೋಣೆಯಲ್ಲಿ ಓದುಗ ಅಂತ ಇದ್ದದ್ದು ಮೇಜಿನ ಕೆಳಗೆ ಮಲಗಿದ ಬೆಕ್ಕು. ಅಕ್ಕನ ಮುಖ ಇಳಿಯಿತು. ನನ್ನ ಕಣ್ಣೆದುರು ಗೇರುಬೀಜದ ಕಾರ್ಖಾನೆಯ ಹೊಗೆ ಬಂದು ಹೋಯಿತು. ದೊಡ್ಡಮ್ಮ ಬಿಡಲಿಲ್ಲ.

"ಈ ಬೋರ್ಡು ಕಿಟಕಿಯ ಆಚೆಗೂ ಉಂಟಾ?"

ಸಾಹೇಬರಿಗೆ ಊಟದ ಹೊತ್ತು. ಜೀಪಿಗೆ ಕಾಲಿಡುತ್ತಾ, "ಹೊರಗಡೆದು ನಮಗೆ ಬರಲ್ಲಮ್ಮ. ಗೋಡೆ ಒಳಗಡೆ ಮಾತ್ರ ನಮ್ಮ ಇಲಾಖೆ" ಎಂದರು. ಊರೂರು ತಿರುಗಿ, ಭತ್ಯೆ ತೆಗೆದುಕೊಂಡು, ಅವರು ನಮಗೆ ಮಾಡಿದ ಉಪಕಾರ ಆ ಒಂದು ಮಾತು. ಅದೂ ಗೊತ್ತಿಲ್ಲದೆ ಮಾಡಿದ್ದು.

ದೊಡ್ಡಮ್ಮ ಮನೆಗೆ ಹೋಗಿ ತಡ್ಪೆ ತಂದಳು. ರಸ್ತೆಯ ಬದಿಯ ಕಿಟಕಿಯ ಕೆಳಗೆ, ಸರಕಾರದ ಗೋಡೆಗೆ ಬೆನ್ನು ಕೊಟ್ಟು ಕೂತಳು. ನನ್ನದನ್ನೂ ಅಕ್ಕನದನ್ನೂ ತಂದು ನಾನೂ ಕೂತೆ. ಅಕ್ಕ ಒಳಗೆ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡಳು.

"ಅಮ್ಮಾ, ಮೌನ ಅಂತ ಬರೆದಿದೆ!" ಎಂದ ಗ್ರಂಥಪಾಲಕ.

"ಯಾರಿಗೆ ಮೌನ ಮಾರಾಯ? ನಿನಗಾ, ಕುರ್ಚಿಗಳಿಗಾ?" ದೊಡ್ಡಮ್ಮ ಹೊರಗಿನಿಂದಲೇ ಕೂಗಿದಳು. "ಪುಸ್ತಕ ಒಳಗೆ ಉಂಟು, ನಿನ್ನ ಸಂಬಳ ಭದ್ರ. ನಾವು ಕೇಳುವುದು ಹೊರಗೆ. ಸಾಹೇಬ್ರು ಹೇಳಿದ್ದು ನೀನೂ ಕೇಳಿದ್ದೀ. ಬೀಗ ತೆಗಿ, ಬಿಸಿಲು ಏರ್ತಾ ಉಂಟು."

ಅವನು ಜೀಪು ಹೋದ ದಾರಿ ನೋಡಿದ. ಫಲಕ ನೋಡಿದ. ಆಮೇಲೆ ಬೀಗ ತೆಗೆದು ಪುಸ್ತಕ ಕೊಟ್ಟು, "ಮುಖ ಸರಳಿಗೆ ಹತ್ತಿರ ಇಟ್ಕೊಂಡು ಓದಿ, ಶಬ್ದ ಒಳಗೆ ಬರಬಾರದು" ಎಂದು ಅಪ್ಪಣೆ ಮಾಡಿದ. ಇಂಥ ಬುದ್ಧಿವಂತರನ್ನು ಹುಡುಕಿ ಹುಡುಕಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ.

ಅಕ್ಕ ಕಿಟಕಿಯ ಸರಳಿಗೆ ಹಣೆ ಒತ್ತಿ ಓದಲು ಶುರುಮಾಡಿದಳು. ಮಳೆಗಾಲವಿಡೀ ಸುಮ್ಮನಿದ್ದ ಗಂಟಲು, ಮೊದಲ ಪುಟದಲ್ಲಿ ಒಡೆದೊಡೆದು ಬಂತು. ಜಮೀನುದಾರನ ಅಡುಗೆಯವನು ಬಾಯಿಬಿಡುವ ಹೊತ್ತಿಗೆ ಸರಿಯಾಯಿತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಬಿಟ್ಟುಹೋಗಿದ್ದ ಹೆಂಗಸರಲ್ಲಿ ಒಬ್ಬಳು ತಡ್ಪೆ ಹಿಡಿದುಕೊಂಡು ಬಂದು, ಏನೂ ಆಗದವಳ ಹಾಗೆ ನನ್ನ ಪಕ್ಕದಲ್ಲಿ ಕೂತಳು. "ಸರ ಸಿಕ್ಕಿತಾ?" ಎಂದಳು. "ನೀನು ಬರಲಿ ಅಂತ ಕಳ್ಳ ಕಾಯ್ತಾ ಇದ್ದ" ಎಂದಳು ದೊಡ್ಡಮ್ಮ. ಸ್ವಲ್ಪ ಹೊತ್ತಿನಲ್ಲಿ ಮತ್ತಿಬ್ಬರು ಬಂದರು. ಅಕ್ಕನ ತಡ್ಪೆ ನಮ್ಮ ನಡುವೆ ಇತ್ತು. ಯಾರೂ ಹೇಳದೆ ಎಲ್ಲರೂ ಅದಕ್ಕೆ ಬೀಡಿ ಹಾಕಿದರು. ಗ್ರಂಥಪಾಲಕ ಸರಕಾರಿ ಕುರ್ಚಿಯಲ್ಲಿ ನಿದ್ದೆ ಹೋದ. ಬಾಗಿಲು ಹಾಕುವ ಹೊತ್ತಿಗೆ ಅವನನ್ನು ಎಬ್ಬಿಸಿ ಪುಸ್ತಕ ಕೊಟ್ಟದ್ದು ಅಕ್ಕನೇ. ಅವನು ಪುಟಗಳನ್ನು ಬೆರಳಿನಿಂದ ಸರಸರ ತಿರುವಿ ನೋಡಿ ಒಳಗಿಟ್ಟ. ನಾವು ಹಾಳೆ ಕಿತ್ತು ಬೀಡಿ ಸುತ್ತಿದೆವು ಎಂದು ಎಣಿಸಿದನೋ ಏನೋ.

ಸರ ಕದ್ದವರು ಯಾರೆಂದು ಆ ದಿನ ಗೊತ್ತಾಗಲಿಲ್ಲ. ಅದೇ ಒಳ್ಳೆಯದಾಯಿತು, ಸೋಮವಾರ ಎಲ್ಲರೂ ಬರುವುದು ಖಾತ್ರಿಯಾಯಿತು.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಕಾಲು ತೊಳೆಯುತ್ತಾ, "ನೋಡ್ತಾ ಇರು, ಇನ್ನು ಕಿಟಕಿಗೂ ಬೀಗ ಹಾಕುವ ಬಾಬ್ತು ಮಂಜೂರಾಗ್ತದೆ" ಎಂದರು.

ಅಕ್ಕನನ್ನು ಊಟಕ್ಕೆ ನಮ್ಮಲ್ಲಿಗೇ ಕರೆದೆ. ಗಂಜಿ, ಒಣಸಿಗಡಿ ಹಾಕಿದ ಬಸಳೆಯ ಪದಾರ್ಥ, ಮಾವಿನಮಿಡಿ ಉಪ್ಪಿನಕಾಯಿ. ಅವಳ ಗಂಟಲು ಪೂರ್ತಿ ಕಟ್ಟಿಹೋಗಿತ್ತು, ಇನ್ನೂ ಸ್ವಲ್ಪ ಬಡಿಸು ಎಂದು ಕೈಯಲ್ಲೇ ತೋರಿಸಿದಳು. ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟೆ. ಕುಡಿದು ತನ್ನ ಮನೆಗೆ ಹೋದಳು. ನಾನು ಪಾತ್ರೆ ತೊಳೆದು, ನಾಳೆಯ ಎಲೆ ನೆನೆಸಿ, ದೀಪ ಸಣ್ಣದು ಮಾಡುವಾಗ ಗೋಡೆಗೆ ಕಿವಿಕೊಟ್ಟೆ. ಜಪ ಕೇಳಲಿಲ್ಲ. ಗೊರಕೆ ಕೇಳಿತು. ಆ ದಿನ ಸಾಲುಮನೆಯಲ್ಲಿ ಮೊದಲು ನಿದ್ದೆ ಹೋದವಳು ಅವಳೇ.