ಕತ್ತರಿಸಿ ಅಂಟಿಸಿದ ನಗು

ಸುಮಂಗಲಾಗೆ ಸಿನಿಮಾದ ಹುಚ್ಚು ಹತ್ತಿದ್ದು ಸದ್ದಿನ ಕಾಟದಿಂದ. ಅವಳಪ್ಪ ಯಮನಪ್ಪ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪೀಣ್ಯಕ್ಕೆ ಬಂದಾಗ ಅವಳು ಇನ್ನೂ ಪ್ರೈಮರಿ ಶಾಲೆಯ ಹುಡುಗಿ. ಅವರಿಗೆ ಸಿಕ್ಕ ಬಾಡಿಗೆ ಕೋಣೆಯ ಗೋಡೆಗೆ ತಾಗಿಕೊಂಡೇ ತಗಡು ಒತ್ತುವ ಒಂದು ವರ್ಕ್‌ಶಾಪ್ ಇತ್ತು. ಅಲ್ಲಿನ ಯಂತ್ರ ಹಗಲೆಲ್ಲ ಧಡ್ ಧಡ್ ಎಂದು ಬಡಿಯುತ್ತಿತ್ತು. ಟೀವಿಯಲ್ಲಿ ಯಾವ ಸಿನಿಮಾ ಬಂದರೂ ನಾಯಕ ಏನಂದ, ನಾಯಕಿ ಯಾಕೆ ಅತ್ತಳು, ಒಂದೂ ಕೇಳಿಸುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಚಾನೆಲ್ ತಿರುಗಿಸುತ್ತ ಹೋದವಳಿಗೆ, ಕೆಳಗೆ ಇಂಗ್ಲಿಷ್ ಅಕ್ಷರ ಮೂಡುವ ಯಾವುದೋ ದೇಶದ ಚಿತ್ರವೊಂದು ಸಿಕ್ಕಿತು. ಯಂತ್ರ ಎಷ್ಟು ಬೇಕಾದರೂ ಬಡಿದುಕೊಳ್ಳಲಿ, ಅಕ್ಷರಕ್ಕೆ ಏನೂ ಆಗುತ್ತಿರಲಿಲ್ಲ. ನಿಘಂಟು ತೊಡೆಯ ಮೇಲಿಟ್ಟುಕೊಂಡು ಅವಳು ಆ ಚಿತ್ರವನ್ನು ಕೊನೆಯವರೆಗೂ ನೋಡಿದಳು. ಅಲ್ಲಿಂದ ಬಿಡಲಿಲ್ಲ.

ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲೇ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ನೋಡುವ ಕ್ಯೂಸಿ ವಿಭಾಗಕ್ಕೆ ಸೇರಿದಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಚನ್ನಕ್ಕನನ್ನು ಕರೆದುಕೊಂಡು ನಾಗಸಂದ್ರದಲ್ಲಿ ಸ್ವಲ್ಪ ಗಾಳಿ ಬೆಳಕಿರುವ ಮನೆ ಹಿಡಿದಳು. ಭಾನುವಾರ ಎಲ್ಲಿ ವಿದೇಶಿ ಚಿತ್ರ ತೋರಿಸುತ್ತಾರೆಂದು ಗೊತ್ತಾದರೂ ಮೆಟ್ರೊ ಹತ್ತಿ ಹೋಗುತ್ತಿದ್ದಳು. ಅಂಥ ಒಂದು ಪ್ರದರ್ಶನದಲ್ಲಿ ಅವಳಿಗೆ ಇಬ್ಬರು ಗೆಳೆಯರಾದರು. ಒಬ್ಬ ಸಿದ್ಧಾರ್ಥ್. ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮಾತಿನ ಮಲ್ಲ. ಇನ್ನೊಬ್ಬ ವರ್ತೂರಿನ ಚಿರಂಜೀವಿ. ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಅವನ ಮನೆಯವರು ಬಾಡಿಗೆ ಕಟ್ಟಡ ಎಬ್ಬಿಸಿದ್ದರು. ಅವನು ಮಾತು ಕಮ್ಮಿ, ಯಾರು ಏನು ಹೇಳಿದರೂ ಹೂಂ ಎನ್ನುವ ಪೈಕಿ.

ಚಿತ್ರ ಮುಗಿದ ಮೇಲೆ ಮೂವರೂ ಚಹಾ ಅಂಗಡಿಯಲ್ಲಿ ನಿಂತು ಜಗಳವಾಡುತ್ತಿದ್ದರು. ಆ ಜಗಳವನ್ನೇ ವಿಡಿಯೊ ಮಾಡಿ ಇಂಟರ್‌ನೆಟ್ಟಿಗೆ ಹಾಕೋಣ ಎಂದವನು ಸಿದ್ಧಾರ್ಥ್. ಹೀಗೆ 'ಹಿಂದಿನ ಸಾಲು' ಎಂಬ ಅವರ ಶೋ ಶುರುವಾಯಿತು. ವಾರಕ್ಕೊಂದು ಕಂತು. ಒಂದು ವಾರ ಎಲ್ಲರೂ ಮೆಚ್ಚಿದ ಹಳೆಯ ಚಿತ್ರ, ಇನ್ನೊಂದು ವಾರ ಎಲ್ಲೋ ದೂರದ ದೇಶದ್ದು, ಮತ್ತೊಂದು ವಾರ ಬೆರಳೆಣಿಕೆಯ ಜನ ತಲೆ ಮೇಲೆ ಹೊತ್ತು ಮೆರೆಸುವ ಕಲ್ಟ್ ಚಿತ್ರ. ಚಿರಂಜೀವಿಯ ಕಟ್ಟಡದ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಹೋಗದ ಮನೆಯೊಂದಿತ್ತು, ಅದೇ ಸ್ಟುಡಿಯೊ. ಬಾಡಿಗೆಗೆ ಹೋಗದಿರಲು ಕಾರಣವೂ ಇತ್ತು. ಕಿಟಕಿ ತೆಗೆದರೆ ಕೆರೆಯ ನಾತ ಮೂಗಿಗೆ ಹೊಡೆಯುತ್ತಿತ್ತು. ಕೊಳೆತ ಮೊಟ್ಟೆ, ಸೋಪು, ಚರಂಡಿ ಎಲ್ಲ ಸೇರಿಸಿ ಕುದಿಸಿದಂಥ ನಾತ. ಕಿಟಕಿ ಮುಚ್ಚಿಕೊಂಡು ಬೆವರುತ್ತ ಮಾತಾಡುತ್ತಿದ್ದರು. ಸುಮಂಗಲಾಗೆ ಆ ಕೋಣೆ ಎಷ್ಟು ಇಷ್ಟವಾಗಿತ್ತೆಂದರೆ, ನಾತವನ್ನೂ ಸಹಿಸಿಕೊಂಡಿದ್ದಳು. ಇಡೀ ವಾರದಲ್ಲಿ ಅವಳ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳುತ್ತಿದ್ದುದು ಅಲ್ಲಿ ಮಾತ್ರ.

ಎಲ್ಲ ಕೆಟ್ಟದ್ದು ಒಂದು ಕಲ್ಟ್ ಚಿತ್ರದ ಕಂತಿನಿಂದ. ಆ ಚಿತ್ರದ ಹೆಸರನ್ನು ಅವಳು ಇವತ್ತಿಗೂ ಬಾಯಲ್ಲಿ ಹೇಳುವುದಿಲ್ಲ. ಅದರಲ್ಲೊಂದು ಔತಣದ ದೃಶ್ಯವಿತ್ತು. ಬಂದ ಅತಿಥಿಗಳೆಲ್ಲ ಸೇರಿ ಮನೆಗೆಲಸದ ಹೆಂಗಸನ್ನು ಮೇಜಿನ ಕೆಳಗೆ ತೆವಳಿಸುತ್ತಾರೆ, ಎಂಜಲು ತಿನ್ನಿಸುತ್ತಾರೆ, ಅದಕ್ಕಿಂತ ಕೀಳಾದದ್ದನ್ನೂ ಮಾಡುತ್ತಾರೆ. ಕ್ಯಾಮೆರಾ ಅವರ ಜೊತೆಯೇ ಸೇರಿಕೊಂಡು ಅದನ್ನೆಲ್ಲ ಚಪ್ಪರಿಸುತ್ತದೆ. ಸುಮಂಗಲಾ ಅದನ್ನು ನೋಡುವಾಗ ಎರಡು ಸಲ ಎದ್ದುಹೋಗಿ ಮುಖ ತೊಳೆದುಕೊಂಡು ಬಂದಿದ್ದಳು. ರೆಕಾರ್ಡಿಂಗಿನಲ್ಲಿ ಸಿದ್ಧಾರ್ಥ್ ಆ ದೃಶ್ಯವನ್ನು ಇಂಚಿಂಚಾಗಿ ವರ್ಣಿಸಿದ ಮೇಲೆ ಅವಳು ಹೇಳಿದಳು: "ಇದು ಮಾಸ್ಟರ್‌ಪೀಸು ಅಂತಾರಲ್ಲ, ಅಂಥವ್ರನ್ನ ಕಂಡ್ರೆ ನಂಗೆ ಹೇಸಿಗೆ ಆಗುತ್ತೆ."

ಅದೇ ದಿನ, ರೆಕಾರ್ಡಿಂಗ್ ಶುರುವಾಗುವ ಮೊದಲು, ಚಿರಂಜೀವಿ ಕುರ್ಚಿಯ ತುದಿಯಲ್ಲಿ ಕೂರಲು ಹೋಗಿ ಚಹಾ ಲೋಟದ ಸಮೇತ ಜಾರಿ ಬಿದ್ದಿದ್ದ. ಸುಮಂಗಲಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮೈಕು ಆನ್ ಆಗಿತ್ತು, ಕ್ಯಾಮೆರಾವೂ.

ಸೋಮವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಡಬ್ಬಿ ಬಿಚ್ಚುವಾಗ ಪ್ಯಾಕಿಂಗ್ ವಿಭಾಗದ ಭಾಗ್ಯಮ್ಮ ಎದುರು ಬಂದು ನಿಂತರು. ನೆಲಗದರನಹಳ್ಳಿ ಕಡೆಯ ಹೆಂಗಸು. ಕಾರ್ಖಾನೆಗೆ ಸೇರುವ ಮೊದಲು ಅವರಿವರ ಮನೆಯಲ್ಲಿ ಮುಸುರೆ ತಿಕ್ಕಿದವರು. ದಿನವೂ ಸುಮಂಗಲಾಳ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರು. ಅಂದು ಕೂರಲಿಲ್ಲ. ಫೋನನ್ನು ಅವಳ ಮುಂದೆ ಹಿಡಿದರು.

"ಇದು ನೀನೇ ಏನಮ್ಮ?"

ಒಂದು ಚಿಕ್ಕ ತುಣುಕು ಅದು. ಸಿದ್ಧಾರ್ಥ್ ಆ ಹೆಂಗಸಿಗೆ ಎಂಜಲು ತಿನ್ನಿಸಿದ್ದನ್ನು ಹೇಳುತ್ತಾನೆ. ಪಕ್ಕದಲ್ಲಿ ಸುಮಂಗಲಾ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅವನು ಮುಂದಿನದನ್ನು ಹೇಳುತ್ತಾನೆ, ಅವಳು ಇನ್ನೂ ಜೋರಾಗಿ ನಗುತ್ತಾಳೆ. ಕೊನೆಗೆ ಕಣ್ಣೀರು ಒರೆಸಿಕೊಂಡು, "ಇದು ಮಾಸ್ಟರ್‌ಪೀಸು" ಎನ್ನುತ್ತಾಳೆ. ಕೆಳಗೆ ಸಾವಿರಾರು ಜನ ಹಲ್ಲು ಕಿರಿದ ಮುಖಗಳನ್ನು ಅಂಟಿಸಿದ್ದರು.

"ನಾನೇ ಅಕ್ಕ, ಆದ್ರೆ ನಾನು ನಕ್ಕಿದ್ದು ಇದಕ್ಕಲ್ಲ—"

"ನೀನೇ ತಾನೇ? ಒಬ್ಬಳು ಎಂಗಸ್ಗೆ ಅಂಗೆ ಮಾಡ್ದಾಗ ಇಂಗೆ ನಗ್ತಾರೇನಮ್ಮ?"

ಭಾಗ್ಯಮ್ಮ ಕೋಪದಿಂದ ಕೇಳಲಿಲ್ಲ. ತಮ್ಮ ಡಬ್ಬಿ ಎತ್ತಿಕೊಂಡು ಅವರು ಬೇರೆ ಬೆಂಚಿಗೆ ಹೋಗಿ ಕೂತರು. ಸುಮಂಗಲಾ ತನ್ನ ಡಬ್ಬಿ ಮುಚ್ಚಿಟ್ಟು ನಲ್ಲಿಯ ಹತ್ತಿರ ಹೋಗಿ, ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದಳು.

ಕೆಲಸ ಬಿಟ್ಟ ಕೂಡಲೇ ಸಿದ್ಧಾರ್ಥನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಶನಿವಾರ ಮಧ್ಯಾಹ್ನ ವರ್ತೂರಿಗೆ ಹೋದಾಗ ಇಬ್ಬರೂ ಅಲ್ಲೇ ಇದ್ದರು. ಮೆಟ್ಟಿಲ ಮೂಲೆಯಲ್ಲಿ ಯಾರೋ ಗುಟ್ಕಾ ಉಗಿದಿದ್ದರು, ಒಳಗೆ ಹಳಸಿದ ಬಿರಿಯಾನಿಯ ಡಬ್ಬಿಗಳು ಹಾಗೇ ಬಿದ್ದಿದ್ದವು. ಅವಳು ಕುಳಿತುಕೊಳ್ಳಲಿಲ್ಲ.

"ಆ ತುಣುಕು ತೆಗಿ ಸಿದ್ದು."

"ಏ, ನೋಡಿದ್ಯಾ? ನಾವು ಇಷ್ಟು ದಿನ ಬಾಯಿ ಬಡ್ಕೊಂಡ್ರೂ ಬರ್ದೇ ಇದ್ದ ಜನ ಒಂದೇ ವಾರದಲ್ಲಿ ಬಂದ್ಬಿಟ್ರು ಗುರು!"

"ನಾನು ನಕ್ಕಿದ್ದು ಇವನು ಬಿದ್ದಿದ್ದಕ್ಕೆ. ನೀನು ಅದನ್ನ ಎಲ್ಲಿಗೆ ತಂದು ಅಂಟಿಸಿದೀಯ ಗೊತ್ತಾ?"

ಸಿದ್ಧಾರ್ಥ್ ಕುರ್ಚಿ ತಿರುಗಿಸಿಕೊಂಡು ಅವಳತ್ತ ನೋಡಿದ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ತನ್ನ ಜಾಣತನ ತನಗೇ ಹಿಡಿಸಿದವನ ಹಾಗಿದ್ದ.

"ಒಂದು ಮುಖದ ಪಕ್ಕ ಬೇರೆ ಚಿತ್ರ ಇಟ್ರೆ ಅರ್ಥಾನೇ ಬದಲಾಗುತ್ತೆ, ಅದೇ ಸಿನಿಮಾದ ಜೀವ ಅಂತ ಒಂದು ಇಡೀ ಎಪಿಸೋಡ್ ಮಾಡಿದ್ವಲ್ಲ? ಹೇಳಿದ್ದು ನೀನೇ ಕಣೇ. ನಾನು ಬರೀ ಮಾಡಿ ತೋರ್ಸಿದೆ."

ಆ ಮಾತು ಕೇಳಿ ಅವಳಿಗೆ ಮೈಮೇಲೆ ಏನೋ ಹರಿದಾಡಿದಂತಾಯಿತು. ತಾನು ಇಷ್ಟಪಟ್ಟು ಕಲಿತದ್ದು, ರಾತ್ರಿ ಹಗಲು ಯೋಚಿಸಿ ಆಡಿದ್ದು, ಇವನ ಬಾಯಿಗೆ ಹೋಗಿ ಎಂಜಲಾಗಿ ಬಂದಿತ್ತು. ಅವಳು ಚಿರಂಜೀವಿಯ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

ಅವನು ಫೋನು ನೋಡುತ್ತ, "ಎಡಿಟ್ ಮಾಡುವಾಗ ಪಕ್ಕದಲ್ಲಿದ್ದೆ. ತಮಾಷೆ ಅನ್ಕೊಂಡೆ," ಎಂದ.

ಕೊನೆಗೆ ಸಿದ್ಧಾರ್ಥ್ ಒಂದು ದಾರಿ ತೋರಿಸಿದ. ಮುಂದಿನ ಭಾನುವಾರ ಮಧ್ಯಾಹ್ನ ವೈಟ್‌ಫೀಲ್ಡಿನ ಒಂದು ಪಬ್ಬಿನಲ್ಲಿ ಅವರ ಶೋ ಜನರ ಮುಂದೆಯೇ ನಡೆಯಲಿತ್ತು. "ಅಲ್ಲಿ ನೀನೇ ಮೈಕಲ್ಲಿ ಹೇಳ್ಬಿಡು. ಆಮೇಲೆ ಕ್ಲಿಪ್ ತೆಗಿತೀನಿ, ಪ್ರಾಮಿಸ್." ಅವಳು ನಂಬಿದಳು. ನಂಬದೆ ಬೇರೆ ಉಪಾಯ ಕಾಣಲಿಲ್ಲ.

ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋದಳು. ಮಗಳು ಅಷ್ಟು ದಿನ ಎಲ್ಲಿಗೆ ಹೋಗಿ ಏನು ಮಾತಾಡುತ್ತಾಳೆಂದು ಚನ್ನಕ್ಕ ಕಂಡಿರಲಿಲ್ಲ. ಇಳಕಲ್ ಸೀರೆಯುಟ್ಟು, ಎತ್ತರದ ಸ್ಟೂಲಿನ ಮೇಲೆ ಹೇಗೆ ಕೂರಬೇಕೆಂದು ತಿಳಿಯದೆ ಕಂಬಕ್ಕೊರಗಿ ನಿಂತರು. ಬಿಯರಿನ ಹುಳಿ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದುಕೊಂಡರು.

ಸಿದ್ಧಾರ್ಥ್ ಮೊದಲು ಆ ತುಣುಕನ್ನೇ ದೊಡ್ಡ ಪರದೆಯ ಮೇಲೆ ಹಾಕಿದ. ಅವಳ ನಗು ಪಬ್ಬನ್ನೆಲ್ಲ ತುಂಬಿತು. ಜನ ಕೇಕೆ ಹಾಕಿದರು. ಮುಂದಿನ ಮೇಜಿನಿಂದ ಒಬ್ಬ, "ಮೇಡಂ, ಇನ್ನೊಂದ್ ಸಲ ನಗಿ ಮೇಡಂ!" ಎಂದು ಕೂಗಿದ. ಸುಮಂಗಲಾ ಮೈಕು ತೆಗೆದುಕೊಂಡಳು.

"ಆ ನಗು ಸುಳ್ಳು. ಬೇರೆ ಕಡೆ ನಕ್ಕಿದ್ದನ್ನ ತಂದು ಅಲ್ಲಿ ಅಂಟಿಸಿದಾರೆ. ಆ ಸೀನ್ ನೋಡಿ ನಾನು ವಾಂತಿ ಮಾಡ್ಕೊಳ್ಳೋದೊಂದು ಬಾಕಿ ಇತ್ತು. ಅದನ್ನ ನೋಡಿ ನಗೋರನ್ನ ಕಂಡ್ರೆ ನಂಗೆ ಹೇಸಿಗೆ. ನಿಮ್ಮನ್ನ ಕಂಡ್ರೂ ಅಷ್ಟೇ."

ಕೂಡಲೇ ಸಿದ್ಧಾರ್ಥ್ ತನ್ನ ಮೈಕಿನಲ್ಲಿ, "ಮುಖದಲ್ಲಿ ಒಂಚೂರೂ ನಗು ಇಲ್ದೆ ಹೆಂಗೆ ಹೇಳ್ತಾಳೆ ನೋಡಿ! ಸಕ್ಕತ್ ಆಕ್ಟಿಂಗು!" ಎಂದ. ಇಡೀ ಪಬ್ಬು ಹೋ ಎಂದು ನಕ್ಕಿತು. ಯಾರೋ ಶಿಳ್ಳೆ ಹೊಡೆದರು. ಬಾಯಿ ತುಂಬ ಕೋಳಿ ಇಟ್ಟುಕೊಂಡು ನಗುವ ಮುಖಗಳು, ಒದ್ದೆ ತುಟಿಗಳು, ತಮ್ಮನ್ನು ಬೈದದ್ದಕ್ಕೇ ಚಪ್ಪಾಳೆ ತಟ್ಟುವ ಕೈಗಳು ಅವಳ ಮುಂದಿದ್ದವು. ಅವಳು ಮೈಕನ್ನು ನೆಲದ ಮೇಲಿಟ್ಟು, ವೇದಿಕೆಯಿಂದಿಳಿದು ಅವ್ವನ ಹತ್ತಿರ ಹೋದಳು.

"ಈ ಮಂದಿ ಯಾಕ ನಗಾಕತ್ತಾರ?" ಎಂದು ಚನ್ನಕ್ಕ ಕೇಳಿದರು.

"ನಾ ಹೇಳಿದ್ದಕ್ಕ ನಗಾಕತ್ತಾರವ್ವಾ."

"ನೀ ಏನ್ ನಗೂವಂಥಾದ್ದು ಹೇಳಿದಿ? ಬೈದಿ ಅಲಾ?"

ಅಷ್ಟರಲ್ಲಿ ಹಿಂದೆಯೇ ಬಂದ ಚಿರಂಜೀವಿ, "ಆಂಟಿ, ಊಟ ಮಾಡ್ಕೊಂಡು ಹೋಗಿ," ಎಂದ. ಚನ್ನಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಲ್ಲೀ ನೀರೂ ಗಂಟಲಾಗ ಇಳಿಯಂಗಿಲ್ಲೋ ತಮ್ಮಾ. ನಡಿ ಸುಮ್ಮಿ."

ತುಣುಕನ್ನು ಸಿದ್ಧಾರ್ಥ್ ತೆಗೆಯಲಿಲ್ಲ. ಪಬ್ಬಿನಲ್ಲಿ ಅವಳು ಬೈದದ್ದನ್ನೂ ಇನ್ನೊಂದು ತುಣುಕು ಮಾಡಿ ಹಾಕಿದ. ಸುಮಂಗಲಾ ತುಣುಕು ಓಡುತ್ತಿದ್ದ ಆ್ಯಪಿನವರಿಗೆ ದೂರು ಕೊಟ್ಟಳು, ಮತ್ತೆ ಕೊಟ್ಟಳು, ಕೊನೆಗೆ ಪರಿಚಯದ ವಕೀಲರೊಬ್ಬರಿಂದ ನೋಟಿಸು ಕಳಿಸಿದಳು. ಆಗ ಎರಡೂ ಹೋದವು. ಆದರೆ ಅಷ್ಟರಲ್ಲಿ ಅವಳ ನಗುವನ್ನು ಜನ ಕಿತ್ತುಕೊಂಡು ಎಲ್ಲೆಲ್ಲೋ ಅಂಟಿಸಿದ್ದರು. ಬೈಕಿನಿಂದ ಬೀಳುವವನ ಚಿತ್ರಕ್ಕೂ, ಏಟು ತಿನ್ನುವ ನಾಯಿಯ ಚಿತ್ರಕ್ಕೂ ಅವಳೇ ನಗುತ್ತಿದ್ದಳು. ಮೆಟ್ರೊದಲ್ಲಿ ಪಕ್ಕದವರ ಫೋನಿನಿಂದ ತನ್ನದೇ ನಗು ಕೇಳಿದ ದಿನ ಅವಳು ನಡುವೆಯೇ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಬಹಳ ಹೊತ್ತು ಕೂತಿದ್ದಳು. ಹಲವು ತಿಂಗಳು ಅವಳು ಒಂದೂ ಚಿತ್ರ ನೋಡಲಿಲ್ಲ. ಪರದೆ ಬೆಳಗಿದರೆ ಸಾಕು, ಇದನ್ನು ಯಾರು ಎಲ್ಲಿ ಕತ್ತರಿಸಿರಬಹುದು ಎಂದೇ ಮನಸ್ಸು ಹುಡುಕುತ್ತಿತ್ತು.

ಭಾಗ್ಯಮ್ಮನ ವಿಷಯ ಮಾತ್ರ ಅವಳು ಹಾಗೇ ಬಿಡಲಿಲ್ಲ. ಮೈಕು ಕೈಕೊಟ್ಟರೆ ಇರಲಿ ಎಂದು ಪ್ರತಿ ಸಲವೂ ತನ್ನ ಫೋನಿನಲ್ಲೂ ದನಿ ಹಿಡಿದಿಡುವ ಅಭ್ಯಾಸ ಅವಳಿಗಿತ್ತು. ಒಂದು ಮಧ್ಯಾಹ್ನ ಭಾಗ್ಯಮ್ಮನ ಬೆಂಚಿಗೇ ಹೋಗಿ, ಇಯರ್‌ಫೋನನ್ನು ಅವರ ಕಿವಿಗಿಟ್ಟು ಅಂದಿನದನ್ನು ಕೇಳಿಸಿದಳು. ಚಹಾ ಲೋಟ ಬಿದ್ದ ಸದ್ದು, ನಗು, ಆಮೇಲೆ ಎಷ್ಟೋ ಹೊತ್ತಿಗೆ ಅವಳ ಆ ಮಾತು, ಪೂರ್ತಿಯಾಗಿ. ಭಾಗ್ಯಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು.

"ಸರಿ ಬುಡಮ್ಮ. ನೀನು ಅಂಥೋಳಲ್ಲ," ಎಂದರು. ಇಯರ್‌ಫೋನು ವಾಪಸು ಕೊಡುತ್ತ, "ಆದ್ರೂ ಒಂದು ಮಾತು. ಅಂತಾ ಅಸಹ್ಯಾನ ದುಡ್ಡು ಕಾಸು ಸುರಿದು ಯಾಕಮ್ಮ ತೆಗೀತಾರೆ? ನೀನಾದ್ರೂ ಯಾಕ್ ಕೂತ್ಕಂಡು ನೋಡ್ಬೇಕು?"

ಕಂತುಗಟ್ಟಲೆ ಸಿನಿಮಾದ ಬಗ್ಗೆ ಮಾತಾಡಿದವಳು, "ಗೊತ್ತಿಲ್ಲ ಅಕ್ಕ," ಎಂದಳು. ಭಾಗ್ಯಮ್ಮ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

'ಹಿಂದಿನ ಸಾಲು' ಈಗಲೂ ನಡೆಯುತ್ತಿದೆ. ಅವಳ ಜಾಗದಲ್ಲಿ ಕಾವ್ಯಾ ಎಂಬ ಹುಡುಗಿ ಕೂರುತ್ತಾಳೆ. ಸುಮಂಗಲಾ ಅವಳ ನಂಬರು ಹುಡುಕಿ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿದಳು. "ಥ್ಯಾಂಕ್ಸ್ ಅಕ್ಕ, ಆದ್ರೆ ನಂಜೊತೆ ಸಿದ್ದು ಹಂಗೆಲ್ಲ ಮಾಡಲ್ಲ," ಎಂದಿತು ಆ ಕಡೆಯ ದನಿ. ಸುಮಂಗಲಾ ಒತ್ತಾಯಿಸಲಿಲ್ಲ.

ಚಿರಂಜೀವಿ ಒಮ್ಮೆ ಸೀಬೆಹಣ್ಣಿನ ಚೀಲ ಹಿಡಿದು ನಾಗಸಂದ್ರದ ಮನೆಗೇ ಬಂದ. ಸಿದ್ದು ಮಾಡಿದ್ದು ತಪ್ಪು, ಅವನೊಂದಿಗೆ ತಾನೂ ಜಗಳವಾಡಿದ್ದೇನೆ ಎಂದ. ಬಾಗಿಲಲ್ಲೇ ನಿಂತು ಅವಳು ಕೇಳಿಸಿಕೊಂಡಳು. "ಅವ್ನು ದುಷ್ಟ ಅಂತ ಗೊತ್ತಾಯ್ತು, ಮುಗೀತು. ನೀನು ಪಕ್ಕದಲ್ಲಿ ಕೂತು ಎಲ್ಲಾ ನೋಡ್ದೆ. ನಿನ್ ಮುಖ ನೋಡಿದ್ರೆನೇ ನಂಗೆ ಜಾಸ್ತಿ ವಾಕರಿಕೆ ಬರುತ್ತೆ ಚಿರು. ಹಣ್ಣು ವಾಪಸ್ ತಗೊಂಡ್ ಹೋಗು," ಎಂದು ಬಾಗಿಲು ಹಾಕಿದಳು.

ಈ ವರ್ಷ ಅವಳು ಮತ್ತೆ ಭಾನುವಾರದ ಪ್ರದರ್ಶನಗಳಿಗೆ ಹೋಗತೊಡಗಿದ್ದಾಳೆ, ಅವ್ವನ ಜೊತೆ. ಚನ್ನಕ್ಕನಿಗೆ ಕೆಳಗಿನ ಅಕ್ಷರ ಓದಲು ಬರುವುದಿಲ್ಲ. ಅವಳೇ ಪಿಸುದನಿಯಲ್ಲಿ ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳುತ್ತಾಳೆ. ಹಿಂದೆ ಕೂತವರು ಒಮ್ಮೊಮ್ಮೆ ಶ್ ಎನ್ನುತ್ತಾರೆ. ಹಿಡಿಸದ ದೃಶ್ಯ ಬಂದರೆ ಚನ್ನಕ್ಕ ಎಲ್ಲರಿಗೂ ಕೇಳುವಂತೆ "ಥೂ" ಎನ್ನುತ್ತಾರೆ, ಸುಮಂಗಲಾ ಅವರನ್ನು ತಡೆಯುವುದಿಲ್ಲ.